ಬರೆಯಲು ಕುಳಿತಾಗ ಮಾತ್ರ ಮುನಿಯುವ ಕೈ

ಒಂದು ಕೈಯನ್ನು ಊಹಿಸಿಕೊಳ್ಳಿರಿ. ಅದು ಬಿಸಿ ರೊಟ್ಟಿಯನ್ನು ಮುರಿಯುತ್ತದೆ, ಅಂಗಿಯ ಗುಂಡಿಗಳನ್ನು ಹಾಕುತ್ತದೆ, ಸೂಜಿಯ ಕಣ್ಣಿನಲ್ಲಿ ದಾರವನ್ನು ಪೋಣಿಸುತ್ತದೆ. ಜೋಳದ ಚೀಲವನ್ನು ಬಂಡಿಗೆ ಏರಿಸುವಾಗ ಯಾವ ಕೈಗೂ ಸೋಲುವುದಿಲ್ಲ. ಇಂತಹ ಕೈಗೆ ಒಂದು ಲೇಖನಿಯನ್ನು ಕೊಟ್ಟು ನಾಲ್ಕು ಸಾಲು ಬರೆಯೆಂದರೆ, ಎರಡನೆಯ ಸಾಲು ಮುಗಿಯುವುದರೊಳಗಾಗಿ ತೋರುಬೆರಳು ಸೆಟೆದುಕೊಳ್ಳುತ್ತದೆ; ಹೆಬ್ಬೆರಳು ಒಳಕ್ಕೆ ಮಡಚುತ್ತದೆ; ಮಣಿಕಟ್ಟು ತನ್ನಷ್ಟಕ್ಕೆ ತಾನೇ ಬಾಗುತ್ತದೆ; ಲೇಖನಿಯ ಮೊನೆ ಕಾಗದವನ್ನು ಹರಿಯುವಷ್ಟು ಬಲವಾಗಿ ಊರುತ್ತದೆ. ಅಕ್ಷರಗಳು ಮೊದಲು ಸೊಟ್ಟಗಾಗಿ, ಅನಂತರ ಗುರುತು ಸಿಕ್ಕದಂತಾಗಿ, ಕಡೆಗೆ ಕೈ ನಿಂತೇ ಹೋಗುತ್ತದೆ. ಲೇಖನಿಯನ್ನು ಕೆಳಗಿಟ್ಟೊಡನೆಯೆ ಅದೇ ಕೈ ತುಂಬಿದ ತಂಬಿಗೆಯನ್ನು ಒಂದು ಹನಿಯೂ ಚೆಲ್ಲದಂತೆ ಎತ್ತಬಲ್ಲುದು!

ಇದಕ್ಕೆ ವೈದ್ಯರು ರೈಟರ್ಸ್ ಕ್ರ್ಯಾಂಪ್ ಎಂದು ಹೆಸರಿಟ್ಟಿದ್ದಾರೆ. ನಾವು ‘ಬರೆಹದ ಸೆಟೆತ’ ಎನ್ನೋಣ. ಪರೀಕ್ಷೆಯಲ್ಲಿ ಮೂರು ಗಂಟೆ ಎಡೆಬಿಡದೆ ಬರೆದ ವಿದ್ಯಾರ್ಥಿಯ ಕೈ ನೋಯುವುದು ಇದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ನೋವು ಸ್ನಾಯುಗಳ ದಣಿವು. ಸ್ವಲ್ಪ ವಿಶ್ರಾಂತಿಯಿಂದ ಹೋಗುತ್ತದೆ, ಮತ್ತು ದಣಿದಾಗಲೂ ಬೆರಳುಗಳು ನಮ್ಮ ಮಾತನ್ನು ಕೇಳುತ್ತಲೇ ಇರುತ್ತವೆ. ಬರೆಹದ ಸೆಟೆತದಲ್ಲಿ ನೋವು ಇಲ್ಲದಿರಬಹುದು, ಆಜ್ಞೆಯೇ ತಪ್ಪಿಹೋಗುತ್ತದೆ. ಸಾಮಾನ್ಯವಾಗಿ ಇದು ಮೂವತ್ತು ವಯಸ್ಸು ದಾಟಿದವರಲ್ಲಿ ತಲೆದೋರುವುದಾದರೂ ಅದಕ್ಕಿಂತ ಚಿಕ್ಕವರನ್ನು ಬಿಟ್ಟಿಲ್ಲ. ಚಿಕ್ಕವರಿಗೆ ಬಂದಾಗ ಅದರ ಪಾಡು ಹೆಚ್ಚು ಕಠಿಣ. ಕಬಡ್ಡಿ ಆಡಬಲ್ಲ, ಸೈಕಲ್ಲಿನ ಚೈನು ಕೂಡಿಸಬಲ್ಲ ಹುಡುಗನು ‘ನನ್ನಿಂದ ಬರೆಯಲಾಗದು’ ಎಂದರೆ ನಂಬುವವರು ಯಾರು? ಮನೆಯವರು ಸೋಮಾರಿತನವೆನ್ನುತ್ತಾರೆ, ಮಾಸ್ತರರು ನೆವವೆನ್ನುತ್ತಾರೆ, ತಿಳಿದವರೆನಿಸಿಕೊಂಡವರು ‘ಪರೀಕ್ಷೆಯ ಅಂಜಿಕೆ’ ಎಂದು ಸಮಾಧಾನ ಹೇಳುತ್ತಾರೆ.

ಈ ಮೂರೂ ಮಾತುಗಳು ಸುಳ್ಳೆಂದು ತೋರಿಸಲು ಸಾಧ್ಯವಾಗಿದೆ. ಕೆಟ್ಟಿರುವುದು ಮಿದುಳಿನ ಕೆಲವು ಭಾಗಗಳು ಒಂದರೊಡನೊಂದು ಇಟ್ಟುಕೊಂಡಿರುವ ಹೊಂದಾಣಿಕೆ. ಅದನ್ನು ಅಳೆಯುವ ಉಪಕರಣಗಳು ಹುಟ್ಟಿದ್ದು ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿ. ಕಾಂತತೆಯ ಪಾಠ ಹೇಳುವ ಉಪಾಧ್ಯಾಯನೊಬ್ಬನು ವೈದ್ಯರ ಕ್ಷೇತ್ರಕ್ಕೆ ಕಾಲಿಟ್ಟಿರುವುದಕ್ಕೆ ಇದೇ ಕಾರಣ.

ಮೂರು ಶತಮಾನಗಳ ಹಳೆಯ ರೋಗ

ಕೈಕಸುಬುಗಳಿಂದ ಬರುವ ರೋಗಗಳನ್ನು ಮೊಟ್ಟಮೊದಲು ಶಾಸ್ತ್ರೀಯವಾಗಿ ವಿವರಿಸಿದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿಯು ತನ್ನ ಗ್ರಂಥದ ೧೭೧೩ರ ಆವೃತ್ತಿಯಲ್ಲಿ ಲಿಪಿಕಾರರ ಮತ್ತು ದಸ್ತಾವೇಜು ಬರೆಯುವವರ ಕಷ್ಟಗಳಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಬಲಗೈ ಕೈಕೊಟ್ಟ ಲೇಖಕನೊಬ್ಬನು ಎಡಗೈಯಿಂದ ಬರೆಯಲು ಕಲಿತುಕೊಂಡನೆಂದೂ ಕೆಲವು ಕಾಲದ ಮೇಲೆ ಎಡಗೈಗೂ ಅದೇ ಗತಿ ಬಂದಿತೆಂದೂ ಆತ ಬರೆದಿದ್ದಾನೆ. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ದೋಷವು ಬಲಗೈಯ ಸ್ನಾಯುವಿನಲ್ಲಿದ್ದರೆ ಅದು ಎಡಗೈಗೆ ನಡೆದುಹೋಗುವುದೆಂತು?

ಬ್ರಿಟನ್ನಿನ ಚಾರ್ಲ್ಸ್ ಬೆಲ್ಲನು ೧೮೩೦ರಲ್ಲಿ ಇದನ್ನು ವರ್ಣಿಸಿದನು. ಆಗ ಹಕ್ಕಿಯ ಗರಿಯ ಲೇಖನಿ ಹೋಗಿ ಉಕ್ಕಿನ ಮೊನೆ ಬರುತ್ತಿದ್ದ ಕಾಲ. ಕಚೇರಿಗಳಲ್ಲಿ ಗುಮಾಸ್ತರ ದಂಡು ಬೆಳೆಯುತ್ತಿತ್ತು. ಹಲವರು ಉಕ್ಕಿನ ಮೊನೆಯನ್ನೇ ದೂರಿದರು. ಮುಂದೆ ತಂತಿಯ ಯುಗ ಬಂದಿತು. ದಿನವಿಡೀ ಮೋರ್ಸ್ ಕೀಲಿಯನ್ನು ಕುಟ್ಟುತ್ತಿದ್ದ ತಂತಿಗಾರರ ಕೈಗಳು ಬಿಂದು-ಗೆರೆಗಳನ್ನು ಕಳುಹಿಸಲಾರದೆ ನಿಂತುಹೋದವು. ೧೯೦೮ರಲ್ಲಿ ಬ್ರಿಟಿಷ್ ಸರಕಾರವು ‘ತಂತಿಗಾರರ ಸೆಟೆತ’ವನ್ನು ಪರಿಹಾರಕ್ಕೆ ಅರ್ಹವಾದ ಕಸುಬುರೋಗಗಳ ಪಟ್ಟಿಯಲ್ಲಿ ಸೇರಿಸಿತು. ಉಕ್ಕಿನ ಮೊನೆಯೇ ಅಪರಾಧಿಯಾಗಿದ್ದರೆ ಮೊನೆಯಿಲ್ಲದ ಕೀಲಿಯು ಅದೇ ರೋಗವನ್ನು ತರಬಾರದಾಗಿತ್ತು. ವಾದ್ಯಗಾರರಲ್ಲಿಯೂ ಇದೇ ಬಗೆಯ ಕಾಟವುಂಟು. ಅಮೆರಿಕದ ಪ್ರಸಿದ್ಧ ಪಿಯಾನೊ ವಾದಕ ಲಿಯಾನ್ ಫ್ಲೈಶರನ ಬಲಗೈಯ ಎರಡು ಬೆರಳುಗಳು ೧೯೬೦ರ ದಶಕದ ನಡುವಿನಲ್ಲಿ ಮಡಚಿಕೊಂಡವು. ಆತ ಹಲವಾರು ವರ್ಷಗಳ ಕಾಲ ಎಡಗೈಗಾಗಿಯೇ ರಚಿತವಾದ ಕೃತಿಗಳನ್ನು ನುಡಿಸಬೇಕಾಯಿತು.

ಕೈಯನ್ನು ಕೊಯ್ದು ನೋಡಿದರೂ, ನರಗಳನ್ನು ಪರೀಕ್ಷಿಸಿದರೂ ಏನೂ ಸಿಕ್ಕದಿದ್ದುದರಿಂದ ಇಪ್ಪತ್ತನೆಯ ಶತಮಾನದ ಬಹುಭಾಗ ಈ ರೋಗವನ್ನು ಮನಸ್ಸಿನ ತಲೆಗೆ ಕಟ್ಟಲಾಯಿತು. ಬರೆಯಲು ಇಷ್ಟವಿಲ್ಲದವನ ಗುಪ್ತ ಮನಸ್ಸು ಕೈಯನ್ನು ಕಟ್ಟಿಹಾಕುತ್ತದೆಂಬ ವಿವರಣೆ ಕೇಳಲು ಸೊಗಸಾಗಿತ್ತು. ಆದುದರಿಂದಲೇ ಬಹುಕಾಲ ಬಾಳಿತೆಂದು ತೋರುತ್ತದೆ. ೧೯೮೨ರಲ್ಲಿ ಲಂಡನ್ನಿನ ಶೀಹಿ ಮತ್ತು ಮಾರ್ಸ್ಡೆನ್ ಎಂಬ ವೈದ್ಯರು ಇಂತಹ ರೋಗಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, ಅವರ ಮನಸ್ಸು ಇತರರ ಮನಸ್ಸಿಗಿಂತ ಬೇರೆಯಾಗಿಲ್ಲವೆಂದೂ ಇದು ಡಿಸ್ಟೋನಿಯ ಎಂಬ ಚಲನದೋಷದ ಒಂದು ಪ್ರಭೇದವೆಂದೂ ವಾದಿಸಿದರು. ಡಿಸ್ಟೋನಿಯವೆಂದರೆ, ಬೇಡದ ಸ್ನಾಯುಗಳು ಬೇಡದ ಹೊತ್ತಿನಲ್ಲಿ ಬಿಗಿದು ಅಂಗವನ್ನು ತಿರುಚುವ ಸ್ಥಿತಿ. ದೇಹದ ಒಂದೇ ಭಾಗಕ್ಕೆ, ಅದೂ ಒಂದೇ ಕೆಲಸಕ್ಕೆ ಸೀಮಿತವಾದ ಡಿಸ್ಟೋನಿಯವೇ ಬರೆಹದ ಸೆಟೆತ.

ಬರೆಹ ಇರುವುದೆಲ್ಲಿ?

ಇಲ್ಲಿ ವಾಚಕರು ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಬಹುದು. ನಿಮ್ಮ ಹೆಸರನ್ನು ಕಾಗದದ ಮೇಲೆ ಬರೆಯಿರಿ. ಬಳಿಕ ಸುಣ್ಣದ ಕಡ್ಡಿಯಿಂದ ಕರಿಹಲಗೆಯ ಮೇಲೆ ಒಂದು ಗೇಣು ಎತ್ತರದ ಅಕ್ಷರಗಳಲ್ಲಿ ಅದನ್ನೇ ಬರೆಯಿರಿ. ಮೂರನೆಯ ಸಲ ಕಾಲಿನ ಹೆಬ್ಬೆರಳಿನಿಂದ ಮರಳಿನ ಮೇಲೆ ಗೀಚಿರಿ. ಮೊದಲನೆಯದರಲ್ಲಿ ಬೆರಳು ಮತ್ತು ಮಣಿಕಟ್ಟಿನ ಸಣ್ಣ ಸ್ನಾಯುಗಳು ಕೆಲಸ ಮಾಡಿದವು, ಎರಡನೆಯದರಲ್ಲಿ ಮೊಳಕೈ ಮತ್ತು ಹೆಗಲು, ಮೂರನೆಯದರಲ್ಲಿ ಕಾಲು. ಹೀಗಿದ್ದರೂ ಮೂರು ಬರೆಹಗಳಲ್ಲಿ ಒಂದೇ ವ್ಯಕ್ತಿಯ ಕೈಬರೆಹದ ಚಹರೆಯನ್ನು ಗುರುತಿಸಬಹುದು. ‘ಕ’ ಅಕ್ಷರದ ತಲೆಕಟ್ಟನ್ನು ನೀವು ಎಳೆಯುವ ರೀತಿ ಎಲ್ಲಿಯೂ ನಿಮ್ಮದೇ. ಎಂದರೆ ಬರೆಹದ ನಕ್ಷೆ ಸ್ನಾಯುಗಳಲ್ಲಿ ಇಲ್ಲ. ಅದು ಮಿದುಳಿನಲ್ಲಿದ್ದು, ಬೇಕಾದ ಸ್ನಾಯುಗಳಿಗೆ ರವಾನೆಯಾಗುತ್ತದೆ. ಕಾಗದದ ಮೇಲೆ ಒಂದು ಸಾಲು ಬರೆಯಲಾರದ ರೋಗಿಗಳಲ್ಲಿ ಹಲವರು ಕರಿಹಲಗೆಯ ಮೇಲೆ ಸಲೀಸಾಗಿ ಬರೆಯುತ್ತಾರೆ. ಇದನ್ನು ಕಂಡವರು ‘ನೋಡಿರಿ, ಬೇಕೆಂದಾಗ ಬರೆಯುತ್ತಾನೆ’ ಎಂದು ಆರೋಪಿಸುವುದುಂಟು. ವಾಸ್ತವದಲ್ಲಿ ಅದು ರೋಗದ ಲಕ್ಷಣಗಳಲ್ಲಿ ಒಂದು.

ಇನ್ನು ಆಜ್ಞೆ ಹೋಗುವ ಬಗೆಯನ್ನು ನೋಡೋಣ. ಬೆರಳನ್ನು ಮಡಚುವ ಸ್ನಾಯು ಬಿಗಿಯಬೇಕಾದರೆ ಅದನ್ನು ಚಾಚುವ ಸ್ನಾಯು ಸಡಿಲವಾಗಬೇಕು; ಎತ್ತಿನ ಜೋಡಿಯಲ್ಲಿ ಎರಡೂ ಎತ್ತುಗಳು ಎದುರುಬದುರಾಗಿ ಎಳೆದರೆ ಬಂಡಿ ಸಾಗುವುದಿಲ್ಲ. ಅದೂ ಅಲ್ಲದೆ, ತೋರುಬೆರಳನ್ನು ಅಲುಗಿಸಬೇಕೆಂದಾಗ ಮಿದುಳು ಆ ಬೆರಳಿಗೆ ‘ನಡೆ’ ಎನ್ನುವುದರ ಜೊತೆಯಲ್ಲಿಯೇ ನೆರೆಯ ಬೆರಳುಗಳಿಗೆ ‘ನಿಲ್ಲು’ ಎನ್ನಬೇಕಾಗುತ್ತದೆ. ‘ನಡೆ’ ಎಂಬ ಆಜ್ಞೆಗಿಂತ ‘ನಿಲ್ಲು’ ಎಂಬ ಆಜ್ಞೆಯೇ ಕೈಚಳಕದ ಗುಟ್ಟು. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಗೊಂಬೆಗೆ ಕಣ್ಣು ಬರೆಯುವ ಚಿತ್ರಗಾರನ ಕುಂಚವನ್ನು ಗಮನಿಸಿದವರಿಗೆ ಇದು ಗೊತ್ತು: ಎರಡು ಬೆರಳು ಆಡುತ್ತವೆ; ಕೈಯ ಉಳಿದ ಭಾಗವೆಲ್ಲ ಕಲ್ಲಿನಂತೆ ನಿಂತಿರುತ್ತದೆ. ಬರೆಹದ ಸೆಟೆತದಲ್ಲಿ ಕುಂದುವುದು ಈ ತಡೆಯಾಜ್ಞೆ. ಹೀಗೆಂದು ಊಹಿಸಿದರೆ ಸಾಲದು, ಅಳೆಯಬೇಕು. ತಲೆಬುರುಡೆಯನ್ನು ತೆರೆಯದೆ ಅಳೆಯುವುದು ಹೇಗೆ?

ಫ್ಯಾರಡೆಯ ಸುರುಳಿ ಮತ್ತು ರಕ್ತದ ಕಾಂತತೆ

೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ: ಕಾಂತಕ್ಷೇತ್ರವು ಬದಲಾಗುವಾಗ ಸಮೀಪದ ವಾಹಕದಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ; ಬದಲಾವಣೆ ಬೇಗನಾದಷ್ಟೂ ಪ್ರೇರಣೆ ಹೆಚ್ಚು. ಮಿದುಳು ಉಪ್ಪುನೀರಿನಿಂದ ತೊಯ್ದ ವಾಹಕವಲ್ಲವೆ? ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತಾಮ್ರದ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು ಅದರಲ್ಲಿ ಕ್ಷಣಿಕವಾದ ಭಾರಿ ವಿದ್ಯುತ್ತನ್ನು ಹರಿಯಿಸಿದರು. ಸುಮಾರು ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕಾಂತಕ್ಷೇತ್ರವು ಒಂದೆರಡು ಟೆಸ್ಲಾದವರೆಗೆ ಏರುತ್ತದೆ. ಅದು ಬುರುಡೆಯ ಮೂಳೆಯನ್ನು ನಿರಾತಂಕವಾಗಿ ದಾಟಿ, ಕೆಳಗಿರುವ ಮಿದುಳಿನ ಮೇಲ್ಪದರದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸುರುಳಿ ಕೈಯ ಕೇಂದ್ರದ ಮೇಲಿದ್ದರೆ ಹೆಬ್ಬೆರಳು ಚಕ್ಕನೆ ಅದುರುತ್ತದೆ. ನೋವಿಲ್ಲ, ಗಾಯವಿಲ್ಲ.

ಇದರಿಂದ ತಡೆಯಾಜ್ಞೆಯನ್ನು ಅಳೆಯಬಹುದು. ಮೊದಲು ಒಂದು ದುರ್ಬಲವಾದ ಸ್ಪಂದವನ್ನು ಕೊಟ್ಟು, ಎರಡು-ಮೂರು ಮಿಲಿಸೆಕೆಂಡುಗಳ ಬಳಿಕ ಪ್ರಬಲವಾದ ಸ್ಪಂದವನ್ನು ಕೊಟ್ಟರೆ, ಆರೋಗ್ಯವಂತರಲ್ಲಿ ಎರಡನೆಯದರ ಪರಿಣಾಮ ಕುಗ್ಗುತ್ತದೆ. ಮೊದಲನೆಯದು ತಡೆಗಾರ ನರಕೋಶಗಳನ್ನು ಎಚ್ಚರಿಸಿರುತ್ತದೆ. ೧೯೯೫ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಬರೆಹದ ಸೆಟೆತವಿದ್ದವರಲ್ಲಿ ಈ ಕುಗ್ಗುವಿಕೆ ಕಡಿಮೆಯೆಂದು ಕಂಡುಬಂದಿತು. ಅಂಜಿಕೆಯೆಂದೂ ನೆವವೆಂದೂ ಹೇಳುವವರಿಗೆ ಇದೊಂದು ಉತ್ತರ: ಮೂರು ಮಿಲಿಸೆಕೆಂಡುಗಳಲ್ಲಿ ನೆವ ಹೂಡಬಲ್ಲ ಮನುಷ್ಯನಿಲ್ಲ.

ಆದರೆ ಸುರುಳಿಯು ಮುಟ್ಟುವುದು ಎರಡು-ಮೂರು ಸೆಂಟಿಮೀಟರು ಆಳದವರೆಗೆ ಮಾತ್ರ. ಬರೆಹದ ವ್ಯವಹಾರದಲ್ಲಿ ಭಾಗವಹಿಸುವ ಅಂಗಗಳು ಇನ್ನೂ ಆಳದಲ್ಲಿವೆ. ಮಿದುಳಿನ ಬುಡದಲ್ಲಿ ಗಂಟುಗಂಟಾಗಿ ಕುಳಿತ ಪುಟಾಮೆನ್ ಮತ್ತು ಗ್ಲೋಬಸ್ ಪ್ಯಾಲಿಡಸ್‌ಗಳು ಯಾವ ಚಲನೆಗೆ ಅನುಮತಿ, ಯಾವುದಕ್ಕೆ ತಡೆ ಎಂಬುದನ್ನು ತೂಗುತ್ತವೆ. ಥಾಲಮಸ್ ಅವುಗಳ ತೀರ್ಪನ್ನು ಮೇಲ್ಪದರಕ್ಕೆ ಮುಟ್ಟಿಸುತ್ತದೆ. ತಲೆಯ ಹಿಂಭಾಗದ ಅನುಮಸ್ತಿಷ್ಕವು ಚಲನೆಯ ಕಾಲವನ್ನೂ ಅಳತೆಯನ್ನೂ ತಿದ್ದುತ್ತದೆ. ಇವುಗಳ ಪರಸ್ಪರ ಸಂಭಾಷಣೆಯನ್ನು ಕೇಳಿಸಿಕೊಳ್ಳಲು ಬೇರೊಂದು ಉಪಾಯ ಬೇಕಾಯಿತು.

ಅದನ್ನು ಒದಗಿಸಿದ್ದು ರಕ್ತ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ೧೯೩೬ರಲ್ಲಿ ತೋರಿಸಿದಂತೆ, ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನನ್ನು ಅಯಸ್ಕಾಂತವು ತೀರ ನಸುವಾಗಿ ದೂರ ತಳ್ಳುತ್ತದೆ. ಆಮ್ಲಜನಕವನ್ನು ಇಳಿಸಿಬಿಟ್ಟ ಹಿಮೋಗ್ಲೋಬಿನ್ನನ್ನು ತನ್ನೆಡೆಗೆ ಸೆಳೆಯುತ್ತದೆ. ಒಂದೇ ರಕ್ತ, ಎರಡು ಕಾಂತಗುಣ! ೧೯೯೦ರಲ್ಲಿ ಸೈಜಿ ಒಗಾವಾ ಎಂಬ ಜಪಾನಿ ವಿಜ್ಞಾನಿಯು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದಾಗ ಈ ವ್ಯತ್ಯಾಸವನ್ನು ಎಂ.ಆರ್.ಐ. ಚಿತ್ರದಲ್ಲಿ ಕಾಣಿಸಿದನು. ಮಿದುಳಿನ ಒಂದು ಭಾಗವು ಕೆಲಸಕ್ಕೆ ತೊಡಗಿದಾಗ ಅಲ್ಲಿಗೆ ಅವಶ್ಯಕತೆಗಿಂತ ಹೆಚ್ಚಾಗಿ ಹೊಸ ರಕ್ತ ನುಗ್ಗುತ್ತದೆ; ಸೆಳೆಯಲ್ಪಡುವ ಹಿಮೋಗ್ಲೋಬಿನ್ನಿನ ಪಾಲು ತಗ್ಗುತ್ತದೆ; ಚಿತ್ರದಲ್ಲಿ ಆ ಜಾಗ ಒಂದಿಷ್ಟು ಬೆಳಗುತ್ತದೆ. ಬೆಳಗುವುದೆಂದರೆ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಈ ಅಲ್ಪವನ್ನು ಹಿಡಿಯಲು ಮೂರು ಟೆಸ್ಲಾದ ಯಂತ್ರಗಳನ್ನು ಬಳಸುತ್ತಾರೆ. ನಮ್ಮ ಪ್ರಾಂತದಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು ಸುಮಾರು ಎಪ್ಪತ್ತು ಸಾವಿರ ಪಟ್ಟು ಹೆಚ್ಚು.

ಹಳಿ ಬೇರೆ, ಸಂಚಾರ ಬೇರೆ

೧೯೯೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿದ್ದ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಮನುಷ್ಯನು ಏನೂ ಮಾಡದೆ ಯಂತ್ರದೊಳಗೆ ಸುಮ್ಮನೆ ಮಲಗಿರುವಾಗಲೂ ಮಿದುಳಿನ ಪ್ರತಿಯೊಂದು ಭಾಗದ ಸಂಕೇತವೂ ಮೆಲ್ಲಗೆ ಏರಿಳಿಯುತ್ತಿರುತ್ತದೆ. ಒಂದು ಏರಿಳಿತಕ್ಕೆ ಹತ್ತು ಸೆಕೆಂಡು ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ಎಲ್ಲರೂ ಇದನ್ನು ಯಂತ್ರದ ಗದ್ದಲವೆಂದು ಸೋಸಿ ಎಸೆಯುತ್ತಿದ್ದರು. ಎಡ ಮಿದುಳಿನ ಕೈಕೇಂದ್ರದ ಏರಿಳಿತವನ್ನು ಬಲ ಮಿದುಳಿನ ಕೈಕೇಂದ್ರದ ಏರಿಳಿತದೊಡನೆ ಹೋಲಿಸಿದಾಗ ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದವು! ಕೂಡಿ ಕೆಲಸ ಮಾಡುವ ಭಾಗಗಳು ಬಿಡುವಿನಲ್ಲಿಯೂ ಕೂಡಿಯೇ ಉಸಿರಾಡುತ್ತವೆಂದು ಹೇಳಬಹುದು. ಇಂತಹ ಹೆಜ್ಜೆಗೂಟವನ್ನು ‘ಕಾರ್ಯಸಂಬಂಧ’ ಎಂದು ಕರೆಯೋಣ. ಅದರ ಅಳತೆ ಸಂಖ್ಯಾಶಾಸ್ತ್ರದ ಸಹಸಂಬಂಧ ಗುಣಾಂಕ: ಪೂರ್ಣ ಹೊಂದಿಕೆಯಾದರೆ ೧, ಏನೂ ಹೊಂದಿಕೆಯಿಲ್ಲದಿದ್ದರೆ ೦.

ಕಾರ್ಯಸಂಬಂಧವು ನರಗಳ ತಂತಿಯಲ್ಲ ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ನಾನಿರುವ ಗಿಣಿಗೇರಾ ಒಂದು ರೈಲ್ವೆ ಜಂಕ್ಷನ್. ಒಂದು ಕಡೆ ಕೊಪ್ಪಳ, ಇನ್ನೊಂದು ಕಡೆ ಮುನಿರಾಬಾದು ಮತ್ತು ಹೊಸಪೇಟೆ, ಕವಲಿನಲ್ಲಿ ಗಂಗಾವತಿ. ಹಳಿ ಹಾಸಿದೆಯೆಂದ ಮಾತ್ರಕ್ಕೆ ಎರಡು ಊರುಗಳಿಗೆ ಒಡನಾಟವಿದೆಯೆನ್ನಲಾಗದು. ಗಾಡಿ ಓಡಬೇಕು, ಹೊತ್ತಿಗೆ ಸರಿಯಾಗಿ ಓಡಬೇಕು. ಹಳಿಯನ್ನು ಕಾಣದೆ, ಎರಡು ನಿಲ್ದಾಣಗಳಲ್ಲಿ ಗಂಟೆಗಂಟೆಗೂ ಇರುವ ಜನರನ್ನು ಎಣಿಸಿ, ಒಂದರಲ್ಲಿ ಜನ ಏರಿದಾಗ ಇನ್ನೊಂದರಲ್ಲಿಯೂ ಏರುವುದೇ ಎಂದು ನೋಡುವವನು ಅಳೆಯುವುದು ಕಾರ್ಯಸಂಬಂಧವನ್ನು. ಈ ಎಣಿಕೆಯಲ್ಲಿ ಮೋಸಹೋಗಲೂ ಅವಕಾಶವಿದೆ. ಕೊಪ್ಪಳದ ಗವಿಮಠದ ಜಾತ್ರೆಯ ದಿನ ಗಿಣಿಗೇರಾದಲ್ಲಿಯೂ ಆಚೆಯ ಭಾನಾಪುರದಲ್ಲಿಯೂ ಏಕಕಾಲದಲ್ಲಿ ಜನ ತುಂಬುತ್ತಾರೆ. ಆದರೆ ಗಿಣಿಗೇರಾದವರು ಭಾನಾಪುರಕ್ಕೆ ಹೊರಟವರಲ್ಲ, ಎರಡೂ ಊರಿನವರನ್ನು ಮೂರನೆಯದೊಂದು ಸೆಳೆದಿದೆ. ಮಿದುಳಿನ ಎರಡು ಭಾಗಗಳು ಕೂಡಿ ಏರಿಳಿದರೂ ಅವು ನೇರವಾಗಿ ಮಾತನಾಡುತ್ತಿವೆಯೆಂದು ಹೇಳಲು ಬರುವುದಿಲ್ಲ.

ಈ ಎಚ್ಚರಿಕೆಯೊಡನೆ ಬೆಂಗಳೂರಿಗೆ ಹೋಗೋಣ. ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ಜನರ ಬಾಯಲ್ಲಿರುವ ನಿಮ್ಹಾನ್ಸ್, ೧೯೭೪ರಲ್ಲಿ ಹಳೆಯ ಎರಡು ಸಂಸ್ಥೆಗಳು ಕೂಡಿ ಆದುದು. ಅಲ್ಲಿಯ ರೋಸ್ ಡಾನ್ ಭರತ್, ಪ್ರಮೋದ್ ಕುಮಾರ್ ಪಾಲ್ ಮುಂತಾದ ವೈದ್ಯವಿಜ್ಞಾನಿಗಳು ಬರೆಹದ ಸೆಟೆತವನ್ನು ಈ ಕ್ರಮದಿಂದ ಪರಿಶೀಲಿಸಿ ೧೯೯೫ರ ಆ ಬಿಸ್ವಾಲ್‌ರೊಡನೆಯೇ ಸೇರಿ ೨೦೧೫ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬಲಗೈಯಲ್ಲಿ ಬರೆಹದ ಸೆಟೆತವಿದ್ದ ೧೯ ಮಂದಿ, ಅವರಿಗೆ ಸಮನಾದ ೨೦ ಮಂದಿ ಆರೋಗ್ಯವಂತರು. ಯಾರ ಕೈಗೂ ಲೇಖನಿಯನ್ನು ಕೊಡಲಿಲ್ಲ. ಎಲ್ಲರೂ ಸುಮ್ಮನೆ ಮಲಗಿದ್ದರು. ಮಲಗಿರುವ ಹೊತ್ತಿನಲ್ಲಿ ರೋಗಿಯ ಕೈಗೂ ನಿರೋಗಿಯ ಕೈಗೂ ಏನೂ ಭೇದವಿಲ್ಲವೆಂಬುದನ್ನು ಗಮನಿಸಿರಿ. ಆದರೂ ಮಿದುಳಿನಲ್ಲಿ ಭೇದವಿತ್ತು. ರೋಗಿಗಳಲ್ಲಿ ಎಡಗಡೆಯ ಅನುಮಸ್ತಿಷ್ಕ, ಥಾಲಮಸ್, ಗ್ಲೋಬಸ್ ಪ್ಯಾಲಿಡಸ್, ಪುಟಾಮೆನ್‌ಗಳು, ಎರಡೂ ಕಡೆಯ ಪೂರಕ ಚಾಲಕಪ್ರದೇಶಗಳು, ಬಲಗಡೆಯ ಹಣೆಭಾಗದ ಒಳಮಗ್ಗುಲು ಮತ್ತು ಸ್ಪರ್ಶಕೇಂದ್ರವಿರುವ ಸುರುಳಿ — ಇವುಗಳನ್ನೊಳಗೊಂಡ ಕಾರ್ಯಸಂಬಂಧಗಳು ಸಡಿಲಾಗಿದ್ದವು.

ಈ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಬಲಗೈಯನ್ನು ನಡೆಸುವುದು ಎಡ ಮಿದುಳು. ಆದುದರಿಂದ ಎಡ ಥಾಲಮಸ್, ಎಡ ಪುಟಾಮೆನ್‌ಗಳು ಪಟ್ಟಿಯಲ್ಲಿರುವುದು ನಿರೀಕ್ಷಿತವೇ. ಆದರೆ ಅನುಮಸ್ತಿಷ್ಕದ ಸಂಬಂಧ ತನ್ನದೇ ಮಗ್ಗುಲಿನ ಕೈಯೊಡನೆ. ಬಲಗೈಗೆ ಸಂಬಂಧಪಟ್ಟದ್ದು ಬಲ ಅನುಮಸ್ತಿಷ್ಕ. ಇಲ್ಲಿ ಎಡಗಡೆಯದು ಕಾಣಿಸಿಕೊಂಡಿದೆ. ಬಲ ಮಿದುಳಿನ ಹಣೆಭಾಗ ಮತ್ತು ಸ್ಪರ್ಶಕೇಂದ್ರಗಳೂ ಬಲಗೈಯ ನೇರ ಹಾದಿಯಲ್ಲಿ ಇಲ್ಲ. ರೋಗ ತೋರುವುದು ಬಲಗೈಯ ಮೂರು ಬೆರಳುಗಳಲ್ಲಿ. ಮಿದುಳಿನಲ್ಲಿ ಅದರ ವಿಸ್ತಾರ ಹೊರಗೆ ಕಾಣುವುದಕ್ಕಿಂತ ಬಹಳ ಹೆಚ್ಚು ಎಂಬುದೇ ನಿಮ್ಹಾನ್ಸಿನ ತಂಡದ ತೀರ್ಮಾನ. ರಾಮಾಜಿನಿಯ ಲೇಖಕನ ಎಡಗೈ ಏಕೆ ಕೆಟ್ಟಿತೆಂಬ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ. ಆದರೆ ಉತ್ತರವನ್ನು ಹುಡುಕಬೇಕಾದ ದಿಕ್ಕನ್ನು ತೋರಿಸುತ್ತದೆ.

ತಂಡದವರು ಇಷ್ಟಕ್ಕೆ ನಿಲ್ಲಲಿಲ್ಲ. ರೋಗಿಗಳಿಗೆ ಒಂದು ಸಲ ಫ್ಯಾರಡೆಯ ಸುರುಳಿಯಿಂದ ಮರಳಿಮರಳಿ ಸ್ಪಂದಗಳನ್ನು ಕೊಟ್ಟು ಪುನಃ ಚಿತ್ರ ತೆಗೆದರು. ಎಡ ಥಾಲಮಸ್‌ನಿಂದ ಬಲ ಗ್ಲೋಬಸ್ ಪ್ಯಾಲಿಡಸ್, ಬಲ ಥಾಲಮಸ್, ಬಲ ಹಣೆಭಾಗಗಳ ಮೂಲಕ ಹಾಯುವ ಒಂದು ಬಳಸುದಾರಿಯಲ್ಲಿ ಕಾರ್ಯಸಂಬಂಧವು ಹೆಚ್ಚಾಗಿತ್ತು. ಸುರುಳಿಯು ಮುಟ್ಟಬಲ್ಲದ್ದು ಮೇಲ್ಪದರವನ್ನು. ಬದಲಾದುದು ಆಳದಲ್ಲಿ, ಅದೂ ಎದುರು ಮಗ್ಗುಲಿನಲ್ಲಿ. ಒಂದು ನಿಲ್ದಾಣದಲ್ಲಿ ಗಾಡಿಗಳ ವೇಳೆಯನ್ನು ತಿದ್ದಿದರೆ ದೂರದ ಇನ್ನೊಂದು ಕವಲಿನಲ್ಲಿ ಸಂಚಾರ ಬದಲಾಗುವಂತೆಯೇ ಇದು.

ಇಷ್ಟರಿಂದ ಯಂತ್ರದೊಳಗೆ ಒಂದು ಸಲ ಮಲಗಿಸಿದರೆ ಯಾರಿಗೆ ರೋಗವಿದೆ ಯಾರಿಗಿಲ್ಲವೆಂದು ಹೇಳಬಹುದೆಂದು ತಿಳಿಯಬಾರದು. ಮೇಲಿನ ಭೇದಗಳು ಗುಂಪಿನ ಸರಾಸರಿಗಳು, ಒಬ್ಬೊಬ್ಬರಲ್ಲಿ ಏರುಪೇರುಗಳಿರುತ್ತವೆ. ಬೇರೆ ಬೇರೆ ದೇಶಗಳ ತಂಡಗಳು ಎಲ್ಲವೂ ಒಂದೇ ಪಟ್ಟಿಯನ್ನು ಕೊಟ್ಟಿಲ್ಲ. ಕೆಲವು ಸಂಬಂಧಗಳು ಹೆಚ್ಚಾಗಿರುವುದನ್ನು ಕಂಡವರೂ ಇದ್ದಾರೆ. ಅದಕ್ಕಿಂತ ದೊಡ್ಡ ತೊಡಕೊಂದಿದೆ. ಸಂಬಂಧ ಸಡಿಲಾದುದರಿಂದ ಕೈ ಕೆಟ್ಟಿತೋ, ವರ್ಷಗಟ್ಟಲೆ ಕೆಟ್ಟ ಕೈಯೊಡನೆ ಹೆಣಗಿದುದರಿಂದ ಸಂಬಂಧ ಸಡಿಲಾಯಿತೋ? ಒಂದೇ ಕಾಲದಲ್ಲಿ ತೆಗೆದ ಚಿತ್ರವು ಇದಕ್ಕೆ ಉತ್ತರ ಕೊಡಲಾರದು.

ಕೋತಿಗಳ ಮೇಲೆ ನಡೆಸಿದ ಒಂದು ಪ್ರಯೋಗ ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ೧೯೯೬ರಲ್ಲಿ ಕ್ಯಾಲಿಫೋರ್ನಿಯದ ನ್ಯಾನ್ಸಿ ಬಿಲ್, ಮೈಕೇಲ್ ಮರ್ಜೆನಿಕ್ ಮತ್ತು ಸಂಗಡಿಗರು ಕೋತಿಗಳಿಗೆ ಒಂದು ಹಿಡಿಯನ್ನು ಬೇಗಬೇಗನೆ, ಒಂದೇ ರೀತಿಯಲ್ಲಿ, ಸಾವಿರಾರು ಸಲ ಹಿಡಿದುಬಿಡುವುದನ್ನು ಕಲಿಸಿದರು. ಕ್ರಮೇಣ ಅವುಗಳ ಕೈ ತೊಡರಲು ಮೊದಲಾಯಿತು. ಮಿದುಳಿನ ಸ್ಪರ್ಶಕೇಂದ್ರವನ್ನು ಪರೀಕ್ಷಿಸಿದಾಗ, ಬೆರಳಿನ ಒಂದು ಚಿಕ್ಕ ಜಾಗಕ್ಕೆ ಮಾತ್ರ ಓಗೊಡಬೇಕಾದ ನರಕೋಶಗಳು ಹತ್ತರಿಂದ ಇಪ್ಪತ್ತು ಪಟ್ಟು ವಿಸ್ತಾರವಾದ ಜಾಗಕ್ಕೆ ಓಗೊಡುತ್ತಿದ್ದವು. ಹೊಲಗಳ ನಡುವಿನ ಬದು ಕೊಚ್ಚಿಹೋಗಿ ಒಬ್ಬರ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗಿದ ಹಾಗೆ! ಯಾವ ಬೆರಳು ಎಲ್ಲಿದೆಯೆಂಬುದೇ ಮಸುಕಾದ ಮಿದುಳು ಯಾವ ಬೆರಳನ್ನು ತಡೆಯಬೇಕೆಂದು ತಿಳಿಯುವುದೆಂತು? ಅತಿಯಾದ ಏಕಪ್ರಕಾರದ ಅಭ್ಯಾಸವು ರೋಗವನ್ನು ತರಬಲ್ಲುದೆಂದು ಇದರಿಂದ ತೋರುತ್ತದೆ. ಆದರೆ ನಮ್ಮ ಕಚೇರಿಗಳ ಗುಮಾಸ್ತರೂ, ನೋಂದಣಿ ಕಚೇರಿಯ ಎದುರಿನ ಬಾಂಡ್ ರೈಟರುಗಳೂ ಜೀವಮಾನವೆಲ್ಲ ಬರೆದೇ ಬದುಕಿದರು. ಅವರಲ್ಲಿ ಕೈ ಸೆಟೆದವರು ಎಲ್ಲೋ ಕೆಲವರು. ಅಭ್ಯಾಸದ ಜೊತೆಗೆ ಹುಟ್ಟಿನಿಂದ ಬಂದ ಯಾವುದೋ ಒಲವೂ ಸೇರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಉಪಚಾರ

ಉಪಚಾರದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ದಪ್ಪನೆಯ ಲೇಖನಿ, ಹಿಡಿಯುವ ರೀತಿಯ ಬದಲಾವಣೆ, ಬೆರಳುಗಳಿಗೆ ಹೊಸದಾಗಿ ಪಾಠ ಕಲಿಸುವ ಅಭ್ಯಾಸಗಳು ಕೆಲವರಿಗೆ ನೆರವಾಗುತ್ತವೆ. ಕೆ್ಟ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯ ವಿಷವಾದ ಬಾಟ್ಯುಲಿನಮ್ಮನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಗಿಯುವ ಸ್ನಾಯುವಿಗೆ ಚುಚ್ಚಿದರೆ, ನರದಿಂದ ಸ್ನಾಯುವಿಗೆ ಹೋಗುವ ರಾಸಾಯನಿಕ ಸಂದೇಶ ತಡೆದು, ಸುಮಾರು ಮೂರು ತಿಂಗಳು ಸಡಿಲಿಕೆ ದೊರೆಯುತ್ತದೆ. ಬಳಿಕ ಮತ್ತೆ ಚುಚ್ಚಬೇಕು. ಲಿಯಾನ್ ಫ್ಲೈಶರನು ಎರಡು ಕೈಗಳ ವಾದನಕ್ಕೆ ಮರಳಿದುದು ಮುಖ್ಯವಾಗಿ ಈ ಮದ್ದಿನಿಂದ. ಎಡಗೈಗೆ ಬರೆಹವನ್ನು ಕಲಿಸುವುದೂ ಉಂಟು. ಅದರ ಅಪಾಯವನ್ನು ಮೇಲೆಯೇ ಕಂಡಿದ್ದೇವೆ.

೨೦೧೭ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ನಡೆದ ಒಂದು ಶಸ್ತ್ರಕ್ರಿಯೆಯು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಗಿಟಾರ್ ನುಡಿಸುವಾಗ ಮಾತ್ರ ಎಡಗೈಯ ಬೆರಳುಗಳು ಮಡಚಿಕೊಳ್ಳುತ್ತಿದ್ದ ಯುವಕನೊಬ್ಬನನ್ನು ನಿದ್ರೆಗೆ ಕಳುಹಿಸದೆ, ಎಚ್ಚರವಾಗಿಟ್ಟುಕೊಂಡೇ ಶರಣ್ ಶ್ರೀನಿವಾಸನ್ ಮತ್ತು ಸಂಗಡಿಗ ವೈದ್ಯರು ಮಿದುಳಿನ ಆಳಕ್ಕೆ ವಿದ್ಯುತ್ಸಲಾಕೆಯನ್ನು ಇಳಿಸಿದರು. ಮಿದುಳಿಗೆ ತನ್ನ ನೋವು ತಿಳಿಯದು; ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಮದ್ದು ಸಾಕು. ಸುಮಾರು ಏಳು ಗಂಟೆಗಳ ಈ ಕೆಲಸದಲ್ಲಿ ಸಲಾಕೆಯ ತುದಿಯನ್ನು ಬಿಸಿಮಾಡಿ ಒಂದು ಚಿಕ್ಕ ಚುಕ್ಕೆಯನ್ನು ಸ್ವಲ್ಪಸ್ವಲ್ಪವಾಗಿ ಸುಡುತ್ತ ಹೋದಂತೆ, ಗಿಟಾರನ್ನು ನುಡಿಸುತ್ತಲೇ ಇದ್ದ ರೋಗಿಯ ಬೆರಳುಗಳು ಬಿಡಿಸಿಕೊಂಡವು. ನುಡಿಸುವಾಗಲೇ ಏಕೆ ಮಾಡಬೇಕು? ನುಡಿಸದಿದ್ದರೆ ರೋಗವೇ ಕಾಣುವುದಿಲ್ಲವಲ್ಲ! ಇಂತಹ ಶಸ್ತ್ರಕ್ರಿಯೆ ಎಲ್ಲರಿಗೂ ತಕ್ಕುದಲ್ಲ. ಇತರ ದಾರಿಗಳೆಲ್ಲ ಮುಚ್ಚಿದಾಗ ಮಾತ್ರ ಯೋಚಿಸತಕ್ಕದ್ದು.

ಪರೀಕ್ಷೆಯ ಕೋಣೆಯಲ್ಲಿ

ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ತುರ್ತಾದ ಪ್ರಶ್ನೆ ಬೇರೆ. ಉತ್ತರ ಗೊತ್ತಿದ್ದು ಬರೆಯಲಾಗದಿದ್ದರೆ ಏನು ಗತಿ? ಬರೆಹದ ಸೆಟೆತವಿದ್ದ ವೈದ್ಯಪದವೀಧರನೊಬ್ಬನು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಗಳ ಪರೀಕ್ಷೆಗೆ ತಾನು ಹೇಳಿದುದನ್ನು ಬರೆದುಕೊಳ್ಳುವ ಸಹಾಯಕನನ್ನು, ಪರೀಕ್ಷಾ ಕಚೇರಿಗಳ ಭಾಷೆಯಲ್ಲಿ ‘ಸ್ಕ್ರೈಬ್’ ಅನ್ನು, ಕೇಳಿದನು. ನೂರಕ್ಕೆ ನಲವತ್ತರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿಲ್ಲವೆಂದು ಬೇಡಿಕೆ ತಿರಸ್ಕೃತವಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, ೨೦೨೧ರ ಫೆಬ್ರವರಿ ೧೧ರಂದು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ನೇತೃತ್ವದ ಪೀಠವು, ಬರೆಯಲು ತೊಂದರೆಯಿರುವವನಿಗೆ ಸಹಾಯಕನನ್ನು ಕೊಡಲು ನಲವತ್ತರ ಗೆರೆ ಅಡ್ಡಬರಬಾರದೆಂದು ತೀರ್ಪಿತ್ತಿತು. ಅದಕ್ಕನುಗುಣವಾಗಿ ಕೇಂದ್ರ ಸರಕಾರವು ೨೦೨೨ರ ಆಗಸ್ಟ್ ೧೦ರಂದು ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಇಂತಹ ಅಭ್ಯರ್ಥಿಗೆ ಸಹಾಯಕನಲ್ಲದೆ ಪ್ರತಿ ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಕಾಲವೂ ದೊರೆಯಬೇಕಾಗಿತ್ತು. ಬ್ಯಾಂಕಿನ ನೇಮಕದ ಪರೀಕ್ಷೆಗಳಿಗೆ ಸಂಬಂಧಿಸಿ ಇದೇ ರೋಗವಿದ್ದ ಇನ್ನೊಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ, ೨೦೨೫ರ ಫೆಬ್ರವರಿ ೩ರಂದು ಅದೇ ನ್ಯಾಯಾಲಯವು ಈ ಸೌಕರ್ಯಗಳನ್ನು ನಲವತ್ತರ ಗೆರೆಯ ಎರಡೂ ಬದಿಯವರಿಗೆ ಭೇದವಿಲ್ಲದೆ ಕೊಡಬೇಕೆಂದು ಪುನಃ ಒತ್ತಿಹೇಳಿತು.

೨೦೨೨ರ ಮಾರ್ಗಸೂಚಿಗಳು ಕೇಳಿದ ಪ್ರಮಾಣಪತ್ರವನ್ನು ಕೊಡಬೇಕಾಗಿದ್ದುದು ಮುಖ್ಯ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನರ ಅಧ್ಯಕ್ಷತೆಯ ಒಂದು ವೈದ್ಯಮಂಡಲಿ. ಶಾಲಾ ಮಂಡಲಿಗಳೂ ವಿಶ್ವವಿದ್ಯಾನಿಲಯಗಳೂ ತಮ್ಮ ತಮ್ಮ ನಮೂನೆಗಳನ್ನು ಇಟ್ಟುಕೊಂಡಿರುವುದರಿಂದ ವರ್ಷದ ಮೊದಲಿನಲ್ಲಿಯೇ ಮುಖ್ಯೋಪಾಧ್ಯಾಯರನ್ನೋ ಪ್ರಾಂಶುಪಾಲರನ್ನೋ ಕಂಡು ವಿಚಾರಿಸುವುದು ಲೇಸು. ವೈದ್ಯರ ಬಳಿಗೆ ಹೋಗುವಾಗ ತಾನು ಬಳಸುವ ಲೇಖನಿಯನ್ನೂ ಬರೆದ ನೋಟ್‌ಬುಕ್ಕುಗಳನ್ನೂ ಒಯ್ಯಬೇಕು. ತಮ್ಮೆದುರಿನಲ್ಲಿಯೇ ಒಂದು ಪುಟ ಬರೆಯಿಸಿ ನೋಡಬೇಕೆಂದು ಕೇಳಿಕೊಳ್ಳಬೇಕು. ಕೈಯನ್ನು ಹಿಡಿಸಿ, ಬೆರಳನ್ನು ಮಡಚಿಸಿ, ಬಲವನ್ನು ಅಳೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.